ಮೈಸೂರಲ್ಲಿ ಬಾಡಿಗೆ ಮನೆ ಹುಡುಕ್ತಾ ಇದ್ದೀರಾ? ಬೋರ್ಡಿನ ಮೇಲಿರೋ ಬಾಡಿಗೆ ನಂಬಬೇಡಿ

ಮೈಸೂರಿನಲ್ಲಿ ಒಂಬತ್ತು ವರ್ಷದಲ್ಲಿ ನಾಲ್ಕು ಬಾಡಿಗೆ ಮನೆ ನೋಡಿದ್ದೇನೆ. ಮೊದಲನೆಯದು ಅಗ್ರಹಾರದಲ್ಲಿ ಒಂದು ಹೆಂಚಿನ ಮನೆಯ ಹಿಂಭಾಗ. ಆಮೇಲೆ ಕುವೆಂಪುನಗರದಲ್ಲಿ ಮೊದಲ ಮಹಡಿ. ಆಮೇಲೆ ಬೋಗಾದಿ ಕಡೆ ಒಂದು ಹೊಸ ಬಡಾವಣೆ, ಈಗ ದಟ್ಟಗಳ್ಳಿ. ಪ್ರತಿ ಸಲವೂ ಒಂದು ಹೊಸ ತಪ್ಪು ಮಾಡಿದೆ, ಪ್ರತಿ ತಪ್ಪಿಗೂ ದುಡ್ಡು ಹೋಯಿತು. ಈಗ ನನ್ನ ತಂಗಿ ಮತ್ತು ಅವಳ ಗಂಡ ಇಲ್ಲಿಗೆ ಬರುತ್ತಿದ್ದಾರೆ. ಅವರಿಗೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

"ಮೈಸೂರಲ್ಲೇನು ಬಿಡಿ, ಬೆಂಗಳೂರಿನ ಅರ್ಧ ಬಾಡಿಗೆ" ಅನ್ನುವವರು ತುಂಬಾ ಜನ ಇದ್ದಾರೆ. ಬೆಂಗಳೂರಿನ ಸಂಬಳ ತಗೊಂಡು ಇಲ್ಲಿ ಕೂತು ಕೆಲಸ ಮಾಡುವವರಿಗೆ ಅದು ಸರಿ. ಆದರೆ ಇಲ್ಲೇ ಖಾಸಗಿ ಶಾಲೆಯಲ್ಲಿ ಪಾಠ ಹೇಳುವವರು, ಶೋರೂಮಿನಲ್ಲಿ ನಿಲ್ಲುವವರು, ಹೆಬ್ಬಾಳದ ಸಣ್ಣ ಕಾರ್ಖಾನೆಗೆ ಹೋಗುವವರು ಇದ್ದಾರಲ್ಲ, ಅವರ ಸಂಬಳ ಮೈಸೂರಿನದೇ. ಬಾಡಿಗೆ ಮಾತ್ರ ನಿಧಾನಕ್ಕೆ ಬೆಂಗಳೂರಿನ ದಾರಿ ಹಿಡಿದಿದೆ. 2020ರ ನಂತರ ಮನೆಯಿಂದಲೇ ಕೆಲಸ ಮಾಡುವವರು ಬಂದರು. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆ ಆಯಿತು, ವಾರಕ್ಕೆರಡು ದಿನ ಬೆಂಗಳೂರಿಗೆ ಹೋಗಿ ಬರುವುದು ಜನಕ್ಕೆ ದೊಡ್ಡ ವಿಷಯವೇ ಅಲ್ಲ ಅನ್ನಿಸತೊಡಗಿತು. ಕಾಲೇಜುಗಳ ಸುತ್ತಮುತ್ತ ಮನೆಗಳೆಲ್ಲ ಪೀಜಿ ಆದವು. ನಿಮ್ಮ ಜೊತೆ ಅದೇ ಮನೆ ನೋಡಲು ಬಂದಿರುವವರ ಜೇಬು ನಿಮ್ಮದಕ್ಕಿಂತ ದೊಡ್ಡದಿರಬಹುದು. ಆದ್ದರಿಂದ ಲೆಕ್ಕ ಹಾಕಿಕೊಂಡೇ ಮನೆಯಿಂದ ಹೊರಡಿ.

ಮೊದಲು ಕಾಗದ ಪೆನ್ನು ತಗೊಳ್ಳಿ

ನಾನು ಬೋಗಾದಿ ಕಡೆ ಹೋದದ್ದು ಬಾಡಿಗೆ ಕಡಿಮೆ ಅಂತ. ಆರು ತಿಂಗಳಾದ ಮೇಲೆ ಕೂತು ಲೆಕ್ಕ ಹಾಕಿದೆ, ನಗು ಬಂತು. ನೀವು ಮೊದಲೇ ಹಾಕಿ.

ಉದಾಹರಣೆಗೆ ಎರಡು ಮನೆ ಇಟ್ಟುಕೊಳ್ಳೋಣ. ಒಂದು ದೂರದ ಬಡಾವಣೆಯಲ್ಲಿ: ಬಾಡಿಗೆ 11,000, ಅಡ್ವಾನ್ಸ್ 1 ಲಕ್ಷ, ನೀರಿಗೆ ಬೇರೆ 300, ಕೆಲಸಕ್ಕೆ 12 ಕಿಲೋಮೀಟರ್. ಇನ್ನೊಂದು ಊರೊಳಗೆ: ಬಾಡಿಗೆ 13,500, ಅಡ್ವಾನ್ಸ್ 50,000, ನೀರು ಬಾಡಿಗೆಯಲ್ಲೇ ಸೇರಿದೆ, ಕೆಲಸಕ್ಕೆ 3 ಕಿಲೋಮೀಟರ್. ಗಂಡ ಹೆಂಡತಿ ಇಬ್ಬರೂ ಸ್ಕೂಟರಿನಲ್ಲಿ ಬೇರೆ ಬೇರೆ ಕಡೆ ಕೆಲಸಕ್ಕೆ ಹೋಗುತ್ತಾರೆ, ತಿಂಗಳಿಗೆ 25 ದಿನ. ಸ್ಕೂಟರ್ ಲೀಟರಿಗೆ 45 ಕೊಡುತ್ತದೆ, ಪೆಟ್ರೋಲು ಲೀಟರಿಗೆ 100 ರೂಪಾಯಿ ಅಂತಲೇ ಹಿಡಿಯಿರಿ.

ದೂರದ ಮನೆಗೆ ಪೆಟ್ರೋಲು ಇಬ್ಬರದೂ ಸೇರಿ ಸುಮಾರು 2,670. ಆ 1 ಲಕ್ಷ ಬ್ಯಾಂಕಿನಲ್ಲಿ 7 ಪರ್ಸೆಂಟಿಗೆ ಇದ್ದಿದ್ದರೆ ತಿಂಗಳಿಗೆ 580 ಬರುತ್ತಿತ್ತು, ಅದು ಈಗ ಓನರ್‌ಗೆ. ಮನೆ ಬಿಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ, ಎರಡು ವರ್ಷ ಇದ್ದರೆ ಅದು ತಿಂಗಳಿಗೆ 460. ಎಲ್ಲ ಕೂಡಿಸಿ: 15,010. ಊರೊಳಗಿನ ಮನೆಗೆ ಪೆಟ್ರೋಲು 670, ಅಡ್ವಾನ್ಸಿನ ಬಡ್ಡಿ 290, ಪೇಂಟಿಂಗ್ 560. ಒಟ್ಟು 15,020.

ಬೋರ್ಡಿನಲ್ಲಿ 2,500 ವ್ಯತ್ಯಾಸ, ಜೇಬಿನಲ್ಲಿ 10 ರೂಪಾಯಿ!

ಇದರ ಉಲ್ಟಾ ಕೂಡ ಇದೆ. ಹೆಂಡತಿ ಬಸ್ಸಿನಲ್ಲಿ ಹೋಗುವುದಾದರೆ, ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಹೆಂಗಸರಿಗೆ ಸಿಟಿ ಬಸ್ಸು ಉಚಿತ. ಆಗ ದೂರದ ಮನೆಯೇ ತಿಂಗಳಿಗೆ ಸಾವಿರ ರೂಪಾಯಿ ಅಗ್ಗ. ಆದರೆ ಆ ಬಡಾವಣೆಗೆ ಬಸ್ಸು ನಿಜವಾಗಿ ಬರುತ್ತದಾ, ಎಷ್ಟು ಹೊತ್ತಿಗೊಂದು, ಸಂಜೆ ಕೊನೇ ಬಸ್ಸು ಎಷ್ಟಕ್ಕೆ ಅಂತ ಸ್ಟಾಪಿನಲ್ಲಿ ನಿಂತವರನ್ನೇ ಕೇಳಿ. ಓನರ್‌ನ ಕೇಳಿದರೆ "ಐದು ನಿಮಿಷಕ್ಕೊಂದು ಬಸ್ಸಿದೆ" ಅಂತಲೇ ಹೇಳುತ್ತಾರೆ.

ನಿಮ್ಮ ಕೈಗೆ ಬರುವ ಸಂಬಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಗಬಾರದು ಅನ್ನುವುದು ನಾನು ಇಟ್ಟುಕೊಂಡ ಲೆಕ್ಕ. ಗಮನಿಸಿ, ಬರೀ ಬಾಡಿಗೆ ಅಲ್ಲ, ಮೇಲೆ ಹೇಳಿದ ಒಟ್ಟು ಮೊತ್ತ. ಕೈಗೆ 25,000 ಬಂದರೆ ಅದು 8,300. ಆ ದುಡ್ಡಿಗೆ ಒಳ್ಳೆಯ ಬಡಾವಣೆಯಲ್ಲಿ ಎರಡು ರೂಮಿನ ಮನೆ ಹುಡುಕುತ್ತಾ ತಿಂಗಳು ಕಳೆಯಬೇಡಿ, ಸಿಗುವುದು ಕಷ್ಟ. ಒಂದು ರೂಮಿನ ಮನೆ, ಔಟ್‌ಹೌಸು, ಹಳೇ ಮೊಹಲ್ಲಾಗಳ ಮನೆ ನೋಡಿ. ಇನ್ನೊಂದು ಮಾತು: ಅಡ್ವಾನ್ಸಿಗೆ ಅಂತ ಸಾಲ ಮಾಡಬೇಡಿ. ಸಾಲ ಮಾಡಲೇಬೇಕು ಅಂದರೆ ಆ ಮನೆ ನಿಮ್ಮ ಕೈಗೆ ಮೀರಿದ್ದು, ಅಷ್ಟೇ.

ಯಾವ ಕಡೆ ನೋಡಬೇಕು

ಗೋಕುಲಂ, ಜಯಲಕ್ಷ್ಮಿಪುರಂ, ವಿವಿ ಮೊಹಲ್ಲಾ, ಯಾದವಗಿರಿ ಚೆನ್ನಾಗಿವೆ, ಮರ ಇದೆ, ನೆರಳು ಇದೆ, ಎಲ್ಲವೂ ಹತ್ತಿರ. ಆದರೆ ಗೋಕುಲಂಗೆ ಅಷ್ಟಾಂಗ ಯೋಗ ಕಲಿಯಲು ಹೊರದೇಶದಿಂದ ಬಂದು ತಿಂಗಳುಗಟ್ಟಲೆ ಇರುವವರು ಇದ್ದಾರೆ. ಮಂಚ, ಫ್ರಿಜ್ಜು ಎಲ್ಲ ಹಾಕಿ ಅವರಿಗೆ ಕೊಟ್ಟರೆ ಬರುವ ದುಡ್ಡು ನೋಡಿದ ಓನರ್ ನಮ್ಮನ್ನು ಯಾಕೆ ಕರೆದಾರು? ಸರಸ್ವತಿಪುರಂ ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಹತ್ತಿರ, ಅಲ್ಲಿ ವಿದ್ಯಾರ್ಥಿಗಳ ಪೈಪೋಟಿ. ಇನ್ಫೋಸಿಸ್ ಕಡೆ ಕೆಲಸ ಇದ್ದರೆ ವಿಜಯನಗರ, ಹೆಬ್ಬಾಳ, ಹೂಟಗಳ್ಳಿ. ಹೂಟಗಳ್ಳಿಯ ಕೆಎಚ್‌ಬಿ (ಗೃಹ ಮಂಡಳಿ) ಕಾಲೊನಿಯಲ್ಲಿ ಚಿಕ್ಕ ಚಿಕ್ಕ ಮನೆಗಳು ಸಿಗುತ್ತವೆ. ರಾಮಕೃಷ್ಣನಗರ, ದಟ್ಟಗಳ್ಳಿ, ಶ್ರೀರಾಂಪುರ ಕಡೆ ಮಧ್ಯಮ. ಚಾಮುಂಡಿಪುರಂ, ಅಗ್ರಹಾರ, ಮಂಡಿ ಮೊಹಲ್ಲಾ, ಎನ್.ಆರ್. ಮೊಹಲ್ಲಾ ಕಡೆ ಹಳೆಯ ಮನೆಗಳು, ಗಾಡಿ ನಿಲ್ಲಿಸಲು ಜಾಗ ಇಲ್ಲ, ಆದರೆ ಗಾಡಿಯೇ ಬೇಕಾಗುವುದಿಲ್ಲ. ನನಗೆ ಈಗಲೂ ಅಗ್ರಹಾರದ ಆ ಹೆಂಚಿನ ಮನೆಯೇ ಇಷ್ಟ. ಏಪ್ರಿಲ್‌ನಲ್ಲೂ ತಂಪಾಗಿರುತ್ತಿತ್ತು. ದೇವರಾಜ ಮಾರ್ಕೆಟ್ಟಿಗೆ ನಡೆದು ಹೋಗಿ ಬರುತ್ತಿದ್ದೆವು.

ರಿಂಗ್ ರೋಡಿನ ಆಚೆಗೆ ಹೋಗುವವರು ಒಂದು ಪ್ರಶ್ನೆ ಕೇಳಲೇಬೇಕು: ಈ ಬಡಾವಣೆ ನಗರಾಭಿವೃದ್ಧಿ ಪ್ರಾಧಿಕಾರದ್ದಾ (ಹಳೇ ಹೆಸರು ಮುಡಾ), ಖಾಸಗಿಯಾ? ಖಾಸಗಿ ಆದರೆ ಪಾಲಿಕೆಗೋ ಸ್ಥಳೀಯ ಸಂಸ್ಥೆಗೋ ವಹಿಸಿಕೊಟ್ಟಿದ್ದಾರಾ? ವಹಿಸಿಕೊಡದ ಬಡಾವಣೆಯಲ್ಲಿ ಬೀದಿ ದೀಪ ಕೆಟ್ಟರೆ ಯಾರಿಗೆ ಹೇಳಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ. ಕಸದ ಗಾಡಿ ಬರುವುದಿಲ್ಲ. ಬೋಗಾದಿ ಕಡೆಯ ನನ್ನ ಮನೆಯಲ್ಲಿ ಹಾಗೇ ಆಯಿತು. ವಾರದ ಕಸ ಸ್ಕೂಟರಿನ ಮುಂದೆ ಇಟ್ಟುಕೊಂಡು ಊರೊಳಗಿನ ಗೆಳೆಯನ ಮನೆಗೆ ಹೋಗುತ್ತಿದ್ದೆ. ಅವನು ಮೊದಮೊದಲು ನಕ್ಕ, ಆಮೇಲೆ ನಗುವುದನ್ನು ಬಿಟ್ಟ.

ಸೈಟಿನ ಅಳತೆ ಕೇಳುವುದನ್ನೂ ಮರೆಯಬೇಡಿ. 20-30 ಅಡಿ ಸೈಟಿನಲ್ಲಿ ಮೂರು ಮಹಡಿ ಎತ್ತಿದ್ದರೆ ಅಕ್ಕಪಕ್ಕದ ಗೋಡೆಗೆ ಗೋಡೆ ತಾಗಿರುತ್ತದೆ. ಕಿಟಕಿ ಇರುತ್ತದೆ, ತೆಗೆದರೆ ಪಕ್ಕದ ಮನೆಯವರ ಕಿಟಕಿ. 30-40ರಲ್ಲಿ ಸ್ವಲ್ಪ ಉಸಿರಾಡಬಹುದು. 40-60 ಸೈಟಿನಲ್ಲಿ ಕೆಳಗೆ ಓನರ್, ಮೇಲೆ ಒಂದೇ ಬಾಡಿಗೆ ಮನೆ ಇದ್ದರೆ ಅದು ಮೈಸೂರಿನ ಒಳ್ಳೆ ಮನೆ, ಓನರ್ ಒಳ್ಳೆಯವರಾಗಿದ್ದರೆ.

ಆಷಾಢ ನಿಮ್ಮ ಗೆಳೆಯ

ಇದನ್ನು ಯಾರೂ ಹೇಳುವುದಿಲ್ಲ. ಏಪ್ರಿಲ್, ಮೇನಲ್ಲಿ ಶಾಲೆ ಕಾಲೇಜು ಶುರುವಾಗುವ ಮುಂಚೆ ಎಲ್ಲರೂ ಮನೆ ಬದಲಾಯಿಸುತ್ತಾರೆ, ಆಗ ಚೌಕಾಶಿ ನಡೆಯುವುದಿಲ್ಲ. ಆಮೇಲೆ ಆಷಾಢ ಬರುತ್ತದೆ. ಮೈಸೂರಿನವರು ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತುತ್ತಾರೆ, ಆದರೆ ಹೊಸ ಮನೆಗೆ ಹಾಲುಕ್ಕಿಸಲು ಮಾತ್ರ ಹೋಗುವುದಿಲ್ಲ. ಅಷ್ಟರಲ್ಲಿ ಖಾಲಿಯಾದ ಮನೆ ಒಂದು ತಿಂಗಳು ಸುಮ್ನೆ ಬಿದ್ದಿರುತ್ತದೆ. ಓನರ್‌ಗೆ ಒಳಗೊಳಗೇ ಚಡಪಡಿಕೆ. ಪಿತೃಪಕ್ಷ, ಧನುರ್ಮಾಸದಲ್ಲೂ ಇದೇ ಕಥೆ.

ನಿಮಗೆ ಆ ನಂಬಿಕೆ ಇಲ್ಲದಿದ್ದರೆ ನೇರವಾಗಿ ಆಷಾಢದಲ್ಲೇ ಹೋಗಿ. ಇದ್ದರೂ ಪರವಾಗಿಲ್ಲ, ಆಷಾಢದಲ್ಲಿ ಮಾತಾಡಿ ಟೋಕನ್ ಕೊಟ್ಟು ಶ್ರಾವಣದಲ್ಲಿ ಹಾಲುಕ್ಕಿಸಿ, ಬಾಡಿಗೆ ಶ್ರಾವಣದಿಂದ ಅಂತ ಒಪ್ಪಿಸಿ. ದಟ್ಟಗಳ್ಳಿ ಮನೆಗೆ ನಾನು ಆಷಾಢದಲ್ಲೇ ಹೋದೆ. ಹೇಳಿದ್ದಕ್ಕಿಂತ ಒಂದು ಸಾವಿರ ಕಡಿಮೆ ಮಾಡಿದರು, ಅಡ್ವಾನ್ಸಿನಲ್ಲೂ ಇಳಿದರು. ನಮ್ಮಮ್ಮ ಮಾತ್ರ ಒಂದು ತಿಂಗಳು ಆ ಮನೆಗೆ ಬರಲಿಲ್ಲ.

ಹುಡುಕೋದು ಹೇಗೆ

ಆ್ಯಪ್‌ಗಳಲ್ಲಿ ಬಾಡಿಗೆ ಎಷ್ಟಿದೆ ಅಂತ ಅಂದಾಜು ತಗೊಳ್ಳಿ, ಅಷ್ಟಕ್ಕೇ ಸಾಕು. ಮೈಸೂರಿನಲ್ಲಿ ಒಳ್ಳೆ ಮನೆಗಳು ಆ್ಯಪ್‌ಗೆ ಬರುವ ಮುಂಚೆಯೇ ಹೋಗುತ್ತವೆ. ವಯಸ್ಸಾದ ಓನರ್‌ಗಳು ಗೇಟಿಗೆ ಒಂದು ರಟ್ಟಿನ ತುಂಡು ಕಟ್ಟುತ್ತಾರೆ, "ಮನೆ ಬಾಡಿಗೆಗೆ ಇದೆ", ಕೆಳಗೆ ನಂಬರು, ಅಷ್ಟೇ. ಆ ರಟ್ಟು ಕಾಣಬೇಕಾದರೆ ನೀವು ನಡೀಬೇಕು. ಭಾನುವಾರ ಬೆಳಿಗ್ಗೆ ಒಂದು ಬಡಾವಣೆ ಆರಿಸಿಕೊಂಡು ಅಡ್ಡರಸ್ತೆಗಳನ್ನೆಲ್ಲ ನಡೆಯಿರಿ. ಇಸ್ತ್ರಿ ಮಾಡುವವರನ್ನು ಕೇಳಿ, ಅವರಿಗೆ ಯಾವ ಮನೆ ಯಾವಾಗ ಖಾಲಿಯಾಗುತ್ತದೆ ಅನ್ನುವುದು ಓನರ್‌ಗಿಂತ ಮುಂಚೆ ಗೊತ್ತು. ನಂದಿನಿ ಬೂತು, ದಿನಸಿ ಅಂಗಡಿ, ಹೂ ಮಾರುವವರು. ಅಲ್ಲೇ ಒಂದು ಕಾಫಿ ಕುಡಿದು ಆ ಓನರ್ ಹೇಗೆ ಅಂತಲೂ ಕೇಳಿ. "ಅಯ್ಯೋ ಆ ಮನೇಗಾ, ವರ್ಷಕ್ಕೊಬ್ರು ಬರ್ತಾರೆ ಬಿಡಿ" ಅಂದರೆ ಅರ್ಥ ಮಾಡಿಕೊಳ್ಳಿ.

ಬ್ರೋಕರ್ ಮೂಲಕ ಹೋದರೆ ಒಂದು ತಿಂಗಳ ಬಾಡಿಗೆ ಕೇಳುತ್ತಾರೆ, ಮಾತಾಡಿದರೆ ಅರ್ಧಕ್ಕೂ ಬರುತ್ತಾರೆ. ಮನೆ ತೋರಿಸುವುದಕ್ಕೇ 500 ಕೊಡಿ ಅಂದರೆ ಕೊಡಬೇಡಿ.

ಆನ್‌ಲೈನಿನಲ್ಲಿ ಒಂದು ಹಳೇ ಮೋಸ ಇನ್ನೂ ನಡೆಯುತ್ತಿದೆ. ಚಂದದ ಮನೆ, ಕಡಿಮೆ ಬಾಡಿಗೆ. ಫೋನ್ ಮಾಡಿದರೆ ಹಿಂದಿಯಲ್ಲಿ "ನಾನು ಸೈನ್ಯದಲ್ಲಿದ್ದೇನೆ, ಬೇರೆ ಕಡೆ ವರ್ಗ ಆಗಿದೆ, ಟೋಕನ್ ಕಳಿಸಿ, ಕೀ ಕಳಿಸ್ತೀನಿ" ಅನ್ನುತ್ತಾರೆ. ಐಡಿ ಕಾರ್ಡಿನ ಫೋಟೊ ಕೂಡ ಕಳಿಸುತ್ತಾರೆ. ಕಣ್ಣಾರೆ ಮನೆ ನೋಡದೆ, ಒಳಗೆ ಕಾಲಿಡದೆ ಒಂದು ರೂಪಾಯಿಯೂ ಬೇಡ. "ದುಡ್ಡು ವಾಪಸ್ ಹಾಕ್ತೀನಿ, ಕೋಡ್ ಸ್ಕ್ಯಾನ್ ಮಾಡಿ" ಅಂದರೂ ನಂಬಬೇಡಿ, ದುಡ್ಡು ನಿಮಗೆ ಬರಬೇಕಾದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ ಅನ್ನುವುದು ನೆನಪಿರಲಿ.

ಇನ್ನು ಇಷ್ಟವಿಲ್ಲದ ವಿಷಯ. ಫೋನಿನಲ್ಲಿ ಮೊದಲ ಪ್ರಶ್ನೆ "ಮನೇಲಿ ಎಷ್ಟು ಜನ", ಎರಡನೆಯದು "ನೀವು ಯಾವ ಪೈಕಿ?" ಕೆಲವರು "ವೆಜಿಟೇರಿಯನ್ಸಾ?" ಅಂತ ಸುತ್ತಿ ಬಳಸಿ ಕೇಳುತ್ತಾರೆ. ಒಬ್ಬರಂತೂ ನನ್ನ ಅಜ್ಜನ ಊರು ಯಾವುದು ಅಂತ ಕೇಳಿ, ನಾನು ಹೇಳಿದ ಮೇಲೆ "ನಾಳೆ ಹೇಳ್ತೀವಿ" ಅಂದರು, ಆ ನಾಳೆ ಇನ್ನೂ ಬಂದಿಲ್ಲ. ಮುಸ್ಲಿಮರಿಗೆ, ದಲಿತರಿಗೆ, ಒಂಟಿಯಾಗಿರುವ ಹೆಂಗಸರಿಗೆ, ಬ್ಯಾಚುಲರ್ ಹುಡುಗರಿಗೆ ಇದು ಒಂದು ಮನೆಯ ಕಥೆ ಅಲ್ಲ, ಬೀದಿ ಬೀದಿಯ ಕಥೆ. ಅದರಿಂದ ಅವರ ಬಾಡಿಗೆಯೂ ಜಾಸ್ತಿಯಾಗುತ್ತದೆ, ಕೊಡುವ ನಾಲ್ಕೇ ಮನೆಗಳಿಗೆ ನಲವತ್ತು ಜನ ಇರುತ್ತಾರಲ್ಲ. ಇದಕ್ಕೆ ನನ್ನ ಹತ್ತಿರ ದೊಡ್ಡ ಉಪಾಯ ಇಲ್ಲ. ಸುಳ್ಳು ಹೇಳಿ ಮನೆ ಹಿಡಿದು ಆಮೇಲೆ ಮೊಟ್ಟೆ ಬೇಯಿಸಲೂ ಕಿಟಕಿ ಮುಚ್ಚುವ ಬದುಕು ಬೇಡ ಅಂತ ಮಾತ್ರ ಹೇಳುತ್ತೇನೆ. ಫೋನಿನಲ್ಲೇ ನೇರವಾಗಿ ಹೇಳಿಬಿಡಿ, ಪೆಟ್ರೋಲು ಉಳಿಯುತ್ತದೆ. ಓನರ್ ಬೇರೆ ಊರಿನಲ್ಲಿರುವ ಮನೆಗಳಲ್ಲಿ ಈ ಕಾಟ ಸ್ವಲ್ಪ ಕಡಿಮೆ.

ಮನೆ ನೋಡುವಾಗ

ಸೋಫಾ ಎಲ್ಲಿಡಬಹುದು ಅಂತ ನೋಡುವುದು ಆಮೇಲೆ. ಮೊದಲು ನಲ್ಲಿ ತಿರುಗಿಸಿ. ಎಲ್ಲ ನಲ್ಲಿಗಳನ್ನೂ. ಕಾವೇರಿ ನೀರಾ, ಕಬಿನಿ ನೀರಾ, ಬರೀ ಬೋರ್‌ವೆಲ್ಲಾ? ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ? ಸಂಪು ಎಷ್ಟು ಲೀಟರಿನದು, ಅದರಿಂದ ಎಷ್ಟು ಮನೆಗೆ ಹೋಗುತ್ತದೆ? ಮೋಟರ್ ಹಾಕುವ ಸ್ವಿಚ್ಚು ಯಾರ ಮನೆಯಲ್ಲಿದೆ? ಕೊನೆಯ ಪ್ರಶ್ನೆ ತಮಾಷೆ ಅಲ್ಲ. ಕುವೆಂಪುನಗರದಲ್ಲಿ ಸ್ವಿಚ್ಚು ಕೆಳಗಿನ ಓನರ್ ಮನೆಯೊಳಗಿತ್ತು, ಅವರು ಮಗಳ ಮನೆಗೆ ಹೋದಾಗಲೆಲ್ಲ ನಮಗೆ ಬಕೆಟ್ಟೇ ಗತಿ. ಬೋರ್ ನೀರಾದರೆ ನಲ್ಲಿಯ ತುದಿಯಲ್ಲಿ ಬಿಳಿ ಕಟ್ಟಿದೆಯಾ ನೋಡಿ. ಗಡಸು ನೀರಿಗೆ ಗೀಸರ್, ವಾಷಿಂಗ್ ಮಷೀನ್, ನಿಮ್ಮ ಕೂದಲು ಮೂರೂ ಹಾಳು, ಕುಡಿಯಲು ಕ್ಯಾನ್ ತರಿಸಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಎರಡನೆಯದು ಕರೆಂಟ್ ಮೀಟರ್. ನಿಮ್ಮ ಮನೆಗೆ ಪ್ರತ್ಯೇಕ ಸೆಸ್ಕ್ (ಇಲ್ಲಿನ ವಿದ್ಯುತ್ ಕಂಪನಿ) ಮೀಟರ್, ಪ್ರತ್ಯೇಕ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ಇರಬೇಕು. ಸಬ್ ಮೀಟರ್ ಹಾಕಿ ಯೂನಿಟ್ಟಿಗೆ ಇಷ್ಟು ಅಂತ ಓನರ್ರೇ ದರ ನಿಗದಿ ಮಾಡುವ ಮನೆಯಾದರೆ ಗೃಹಜ್ಯೋತಿ ನಿಮ್ಮ ಹೆಸರಿನಲ್ಲಿ ಸಿಗುವುದಿಲ್ಲ. 200 ಯೂನಿಟ್‌ವರೆಗಿನ ಆ ಉಚಿತ ಕರೆಂಟು ಬಾಡಿಗೆದಾರರಿಗೂ ಇದೆ. ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಿಸಬೇಕು, ಕರಾರು ಪತ್ರ ಇಟ್ಟುಕೊಂಡಿರಿ. ಆದರೆ ಎಲ್ಲರಿಗೂ ಪೂರ್ತಿ 200 ಅಂತಲ್ಲ, ಆ ಮೀಟರಿನ ಹಿಂದಿನ ಸರಾಸರಿ ಬಳಕೆ ನೋಡಿ ಮಿತಿ ಹಾಕುತ್ತಾರೆ. ಹಾಗಾಗಿ ಹಳೇ ಕರೆಂಟ್ ಬಿಲ್ ಒಂದು ತೋರಿಸಿ ಅಂತ ಕೇಳಿ. ಹಳೇ ಬಾಕಿ ಇದೆಯಾ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ.

ಮೇಲಿನ ಮಹಡಿಯಾದರೆ ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಿ. ಪಶ್ಚಿಮದ ಗೋಡೆಗೆ ಕೈ ಇಡಿ. ಕಾವಲಿಯಂತೆ ಕಾದಿದ್ದರೆ ರಾತ್ರಿ ಹನ್ನೊಂದರವರೆಗೂ ಅದು ಆರುವುದಿಲ್ಲ. ಬೇಸಿಗೆಯಲ್ಲಿ ಕೂಲರ್ ಖರ್ಚು ನಿಮ್ಮದೇ. ಛಾವಣಿ ಮೂಲೆಗಳಲ್ಲಿ ಹಳದಿ ಕಲೆ ಇದೆಯಾ, ಹೊಸ ಬಣ್ಣ ಅಲ್ಲಿ ಮಾತ್ರ ಬಳಿದಿದ್ದಾರಾ, ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿದರೆ ಎಷ್ಟು ಬೇಗ ಇಳಿಯುತ್ತದೆ, ಮೊಬೈಲ್ ಸಿಗ್ನಲ್ ಒಳಗಿನ ರೂಮಿನಲ್ಲಿ ಸಿಗುತ್ತದಾ. ರಾತ್ರಿ ಒಂಬತ್ತಕ್ಕೆ ಇನ್ನೊಮ್ಮೆ ಆ ರಸ್ತೆಯಲ್ಲಿ ಹಾದು ಬನ್ನಿ, ಕಲ್ಯಾಣ ಮಂಟಪ ಪಕ್ಕದಲ್ಲೇ ಇರುವುದು ಆಗ ಗೊತ್ತಾಗುತ್ತದೆ.

ಬಾಡಿಗೆ ಮಾತಾಡುವಾಗ "ಕಡಿಮೆ ಮಾಡಿ" ಅನ್ನುವುದಕ್ಕಿಂತ "ಎರಡು ವರ್ಷ ಇರ್ತೀವಿ, ತಿಂಗಳ ಐದನೇ ತಾರೀಕು ಅಕೌಂಟಿಗೆ ಹಾಕ್ತೀವಿ" ಅನ್ನುವುದಕ್ಕೆ ಬೆಲೆ ಜಾಸ್ತಿ. ನನ್ನ ಅನುಭವದಲ್ಲಿ ಬಾಡಿಗೆಗಿಂತ ಅಡ್ವಾನ್ಸಿನಲ್ಲಿ ಓನರ್‌ಗಳು ಬೇಗ ಇಳಿಯುತ್ತಾರೆ. ಬೆಂಗಳೂರಿನ ಹತ್ತು ತಿಂಗಳ ರೂಢಿ ಇಲ್ಲಿಗೂ ತರಲು ನೋಡುವವರಿದ್ದಾರೆ, ಒಪ್ಪಬೇಡಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡೇ ತಿಂಗಳ ಅಡ್ವಾನ್ಸ್ ಅಂತಿದೆ, ಆದರೆ ಅದು ಬರೀ ಮಾದರಿ, ರಾಜ್ಯ ಕಾನೂನು ಮಾಡಿದರೆ ಮಾತ್ರ ಜಾರಿ. ಅದನ್ನು ಹಿಡಿದು ಓನರ್ ಜೊತೆ ವಾದಕ್ಕೆ ನಿಂತರೆ ಮನೆ ಪಕ್ಕದವರಿಗೆ ಹೋಗುತ್ತದೆ.

ಕರಾರು ಪತ್ರ

ಕರಾರು ಹನ್ನೊಂದೇ ತಿಂಗಳಿಗೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಿಕೊಳ್ಳಲು ಹನ್ನೊಂದು. ಕರ್ನಾಟಕ ಬಾಡಿಗೆ ಕಾಯ್ದೆ 1999 ನಮ್ಮನ್ನು ಕಾಯುತ್ತದೆ ಅಂದುಕೊಂಡಿದ್ದರೆ ಮರೆತುಬಿಡಿ. ಜಾಗ ನೋಡಿ ತಿಂಗಳಿಗೆ 3,500 ಅಥವಾ 2,000 ರೂಪಾಯಿಗಿಂತ ಜಾಸ್ತಿ ಬಾಡಿಗೆ ಇರುವ ಮನೆಗಳಿಗೆ ಅದು ಅನ್ವಯಿಸುವುದೇ ಇಲ್ಲ. ಇವತ್ತು ಆ ಬಾಡಿಗೆಗೆ ಸ್ಕೂಟರ್ ನಿಲ್ಲಿಸುವ ಶೆಡ್ಡೂ ಸಿಗುವುದು ಕಷ್ಟ. ಅಂದರೆ ನಿಮ್ಮನ್ನು ಕಾಯುವುದು ಹೆಚ್ಚುಕಡಿಮೆ ಆ ಕರಾರು ಪತ್ರ ಒಂದೇ. ಅದರಲ್ಲಿ ಏನೂ ಬರೆದಿಲ್ಲ ಅಂದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ ತಿಂಗಳ ಬಾಡಿಗೆಯ ಮನೆ ಬಿಡಿಸಲು 15 ದಿನದ ನೋಟಿಸ್ ಸಾಕು. ಮಕ್ಕಳ ಪರೀಕ್ಷೆ ಮಧ್ಯೆ ಹದಿನೈದು ದಿನ ಅಂದರೆ ಏನು ಅಂತ ಯೋಚಿಸಿ, ಎರಡು ತಿಂಗಳು ಅಂತ ಬರೆಸಿ.

ಟೈಪ್ ಮಾಡುವ ಅಂಗಡಿಯಲ್ಲಿ ಒಂದೇ ಮಾದರಿ ಇರುತ್ತದೆ, ಹೆಸರು ಬದಲಾಯಿಸಿ ಕೊಡುತ್ತಾರೆ. ಅದನ್ನು ಹಾಗೇ ಸಹಿ ಮಾಡಬೇಡಿ. ಮೊದಲೇ ಕರಡು ವಾಟ್ಸಾಪಿಗೆ ತರಿಸಿ ಓದಿ. ಪೇಂಟಿಂಗಿಗೆ "ಒಂದು ತಿಂಗಳ ಬಾಡಿಗೆ" ಅಂತಿದ್ದರೆ, ವರ್ಷದೊಳಗೆ ಬಿಟ್ಟರೆ ಎಷ್ಟು, ಮೂರು ವರ್ಷ ಇದ್ದರೆ ಎಷ್ಟು ಅಂತ ಮಾತಾಡಿ. ಮೂರು ವರ್ಷ ಇದ್ದ ಮನೆಗೆ ಬಣ್ಣ ಬಳಿಯುವುದು ಹೇಗೂ ಓನರ್ ಕೆಲಸವೇ ಅಲ್ವಾ? "ಮೊದಲು ಬಂದಾಗಿನ ಬಾಡಿಗೆ" ಅಂತಾದರೂ ಬರೆಸಿ, ಇಲ್ಲದಿದ್ದರೆ ಏರಿದ ಬಾಡಿಗೆ ಮುರಿಯುತ್ತಾರೆ. ವರ್ಷಕ್ಕೆ ಎಷ್ಟು ಪರ್ಸೆಂಟ್ ಏರಿಕೆ ಅನ್ನುವುದು ಅಂಕಿಯಲ್ಲಿರಲಿ, 5 ಅಂದರೆ 5, "ಮಾರುಕಟ್ಟೆ ದರದಂತೆ" ಅನ್ನುವ ಪದ ಬೇಡ. ಮೋಟರ್ ಸುಟ್ಟರೆ, ಪೈಪು ಒಡೆದರೆ, ಸೋಲಾರ್ ಕೆಟ್ಟರೆ ಯಾರ ಖರ್ಚು? ಅಡ್ವಾನ್ಸ್ ಯಾವಾಗ ವಾಪಸ್, ಕೀ ಕೊಟ್ಟ ದಿನವೇ ಅಥವಾ ಇಷ್ಟು ದಿನದೊಳಗೆ? ಅಡ್ವಾನ್ಸ್ ನಗದು ಬೇಡ, ಅಕೌಂಟಿಗೇ ಹಾಕಿ.

ಆಧಾರ್ ಪ್ರತಿ ಕೇಳುತ್ತಾರೆ, ಕೊಡಿ, ಆದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಡೌನ್‌ಲೋಡ್ ಮಾಡಿ ಕೊಡಿ. ಸಂಬಳದಲ್ಲಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಇದ್ದು ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ, ವರ್ಷದ ಬಾಡಿಗೆ 1 ಲಕ್ಷ ದಾಟಿದಾಗ ಓನರ್ ಪ್ಯಾನ್ ನಂಬರ್ ಬೇಕಾಗುತ್ತದೆ. ಅದನ್ನು ಮನೆ ಹಿಡಿಯುವ ದಿನವೇ ಕೇಳಿ. ಆಫೀಸಿನವರು ದಾಖಲೆ ಕೇಳುವ ಜನವರಿಯಲ್ಲಿ ಕೇಳಿದರೆ ಓನರ್ ಮುಖ ಊದುತ್ತದೆ.

ಭೋಗ್ಯ: ಇಲ್ಲಿ ನಿಧಾನವಾಗಿ ಓದಿ

ಮೈಸೂರಿನಲ್ಲಿ ಭೋಗ್ಯ, ಅಂದರೆ ಲೀಸು, ಇನ್ನೂ ತುಂಬಾ ನಡೆಯುತ್ತದೆ. ಒಂದೇ ಸಲ ದೊಡ್ಡ ಮೊತ್ತ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ದುಡ್ಡು ವಾಪಸ್. ಕೇಳಲು ಎಷ್ಟು ಚಂದ! ತಿಂಗಳಿಗೆ 9,000 ಬಾಡಿಗೆ ಬರುವ ಮನೆಗೆ 8 ಲಕ್ಷ ಭೋಗ್ಯ ಕೇಳಿದರು ಅಂತಿಟ್ಟುಕೊಳ್ಳಿ. ನಿಮ್ಮ ಸ್ವಂತ ದುಡ್ಡಾದರೆ, 7 ಪರ್ಸೆಂಟಿನ ಬಡ್ಡಿ ವರ್ಷಕ್ಕೆ 56,000, ತಿಂಗಳಿಗೆ ಸುಮಾರು 4,670 ಬಿಟ್ಟುಕೊಟ್ಟಂತೆ. 9,000ಕ್ಕೆ ಹೋಲಿಸಿದರೆ ಲಾಭವೇ. ಅದೇ 8 ಲಕ್ಷ 12 ಪರ್ಸೆಂಟಿನ ಸಾಲ ಮಾಡಿ ತಂದರೆ ಬಡ್ಡಿಯೇ ತಿಂಗಳಿಗೆ 8,000. ಉಳಿಯುವ ಸಾವಿರ ರೂಪಾಯಿಗೆ 8 ಲಕ್ಷ ಒಬ್ಬರ ಕೈಯಲ್ಲಿಟ್ಟು ಕೂತಂತೆ.

ಆ ಒಬ್ಬರು ಯಾಕೆ ಭೋಗ್ಯಕ್ಕೆ ಕೊಡುತ್ತಿದ್ದಾರೆ ಅನ್ನುವುದೇ ಮುಖ್ಯ ಪ್ರಶ್ನೆ. ಮಗಳ ಮದುವೆ, ಇನ್ನೊಂದು ಸೈಟು, ಸರಿ. ಎಷ್ಟೋ ಸಲ ಮನೆ ಕಟ್ಟಿದ ಬ್ಯಾಂಕ್ ಸಾಲದ ಕಂತು ಕಟ್ಟಲಾಗದೆ ಭೋಗ್ಯಕ್ಕೆ ಹಾಕುತ್ತಾರೆ. ಕಂತು ನಿಂತರೆ ಬ್ಯಾಂಕು ಮನೆ ಹರಾಜಿಗೆ ಇಡುತ್ತದೆ. ನಿಮಗಿಂತ ಮುಂಚೆ ಸಾಲ ಕೊಟ್ಟ ಬ್ಯಾಂಕಿನ ಹಕ್ಕು ಮೊದಲು, ನಿಮ್ಮ 8 ಲಕ್ಷ ಆಮೇಲೆ, ಅದೂ ಓನರ್ ಕೈಯಲ್ಲಿ ಏನಾದರೂ ಉಳಿದಿದ್ದರೆ. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರಿಗೆ ಹೀಗಾಯಿತು. ಬಾಗಿಲಿಗೆ ಬ್ಯಾಂಕಿನ ನೋಟಿಸ್ ಅಂಟಿಸಿದ ದಿನವೇ ಅವರಿಗೆ ಸಾಲದ ವಿಷಯ ಗೊತ್ತಾಗಿದ್ದು.

ಆದ್ದರಿಂದ ಭೋಗ್ಯಕ್ಕೆ ಹೋಗುವ ಮುಂಚೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲಿ ಆ ಆಸ್ತಿಯ ಇಸಿ ತೆಗೆಸಿ, ಅಂದರೆ ಋಣಭಾರ ಪ್ರಮಾಣಪತ್ರ. ಅಷ್ಟಕ್ಕೇ ನಿಲ್ಲಬೇಡಿ, ಮೂಲ ಕ್ರಯಪತ್ರ ತೋರಿಸಿ ಅನ್ನಿ. ಜೆರಾಕ್ಸ್ ಮಾತ್ರ ತೋರಿಸಿದರೆ ಮೂಲ ಎಲ್ಲೋ ಅಡ ಬಿದ್ದಿರಬಹುದು. ಕಂದಾಯ ಕಟ್ಟಿದ ರಸೀದಿ ಯಾರ ಹೆಸರಿನಲ್ಲಿದೆ, ಅಣ್ಣ ತಮ್ಮಂದಿರ ಪಾಲು ಇದೆಯಾ ನೋಡಿ. ಇದ್ದರೆ ಎಲ್ಲರ ಸಹಿ ಬೇಕು. ಆಮೇಲೆ ನೋಟರಿ ಕಾಗದಕ್ಕೆ ಒಪ್ಪಬೇಡಿ. ಎರಡು ಮೂರು ವರ್ಷದ ಭೋಗ್ಯವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. "ಯಾಕ್ ಸುಮ್ನೆ ಖರ್ಚು, ನಮ್ಮ ಮೇಲೆ ನಂಬಿಕೆ ಇಲ್ವಾ" ಅಂತ ಓನರ್ ಕೇಳಿಯೇ ಕೇಳುತ್ತಾರೆ. "ನಂಬಿಕೆ ಇದೆ ಸಾರ್, ದುಡ್ಡು ನಮ್ಮ ಮಾವಂದು, ಅವರು ಕೇಳ್ತಾರೆ" ಅನ್ನಿ. ಈ ಮಾವನಿಂದ ನನಗೆ ತುಂಬಾ ಉಪಯೋಗ ಆಗಿದೆ. ಇಲ್ಲದ ಮಾವ.

ಬಿಡುವ ದಿನಕ್ಕೆ ಬಂದ ದಿನವೇ ತಯಾರಿ

ಸಾಮಾನು ಇಳಿಸುವ ಮುಂಚೆ ಖಾಲಿ ಮನೆಯ ವಿಡಿಯೊ ಮಾಡಿ. ಗೋಡೆಯ ಮೊಳೆ ತೂತು, ಒಡೆದ ಟೈಲ್ಸು, ಕಿಟಕಿ ಗಾಜು, ಸಿಂಕು, ಕಮೋಡು. ಅದೇ ದಿನ ಓನರ್ ವಾಟ್ಸಾಪಿಗೆ ಕಳಿಸಿ, "ಸಾರ್ ಮನೆಗೆ ಬಂದ್ವಿ, ಒಂದು ವಿಡಿಯೊ" ಅಂತ ವಿನಯವಾಗಿಯೇ. ಬೋಗಾದಿ ಕಡೆಯ ಮನೆ ಬಿಡುವಾಗ ನನಗೆ 18,000 ಮುರಿದರು. ಅದರಲ್ಲಿ ನಾವು ಹೋಗುವ ಮುಂಚೆಯೇ ಬಿರುಕು ಬಿಟ್ಟಿದ್ದ ವಾಷ್ ಬೇಸಿನ್ನೂ ಇತ್ತು. ನನ್ನ ಹತ್ತಿರ ಫೋಟೊ ಇರಲಿಲ್ಲ, ಅವರ ಹತ್ತಿರ ನನ್ನ ದುಡ್ಡಿತ್ತು.

ಅಡ್ವಾನ್ಸ್ ಕೊಡದೆ ಸತಾಯಿಸಿದರೆ ಮೊದಲು ಬರಹದಲ್ಲಿ ಕೇಳಿ, ಆಮೇಲೆ ವಕೀಲರ ನೋಟಿಸ್. ಕೋರ್ಟಿಗೆ ಹೋಗುವ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ. ಕೇಸು ಹಾಕುವ ಮುಂಚೆಯೇ ಇಬ್ಬರನ್ನೂ ಕರೆದು ರಾಜಿ ಮಾಡಿಸುವ ವ್ಯವಸ್ಥೆ ಅಲ್ಲಿದೆ, ಖರ್ಚಿಲ್ಲ. ಓನರ್ ಸಿಟ್ಟಿಗೆ ಬೀಗ ಬದಲಾಯಿಸಿ ನಿಮ್ಮನ್ನು ಹೊರಗೆ ಹಾಕುವಂತಿಲ್ಲ. ಕಾನೂನು ಬಿಟ್ಟು ಹೊರಗೆ ಹಾಕಿದರೆ ಮನೆ ವಾಪಸ್ ಪಡೆಯಲು ಆರು ತಿಂಗಳೊಳಗೆ ದಾವೆ ಹಾಕಬಹುದು. ಇದೆಲ್ಲ ಬೇಡ ಅನ್ನುವವರು ಹೆಚ್ಚಾಗಿ ಮಾಡುವುದು ಒಂದೇ, ನೋಟಿಸ್ ಕೊಟ್ಟ ಮೇಲಿನ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ಮುರಿದುಕೊಳ್ಳಿ ಅನ್ನುವುದು. ಓನರ್ ಒಪ್ಪಿದರೆ ಇದೇ ಸುಲಭ. ಒಪ್ಪಿದ್ದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ಕೀ ಕೊಡುವ ದಿನ ಮೀಟರಿನ ಫೋಟೊ ತೆಗೆಯಿರಿ, ಅವತ್ತಿನವರೆಗಿನ ಬಿಲ್ ಕಟ್ಟಿ. ಆ ಆರ್‌ಆರ್ ನಂಬರಿನಿಂದ ನಿಮ್ಮ ಆಧಾರ್ ಡಿ-ಲಿಂಕ್ ಮಾಡಿಸಿ. ಮಾಡಿಸದಿದ್ದರೆ ಹೊಸ ಮನೆಯಲ್ಲಿ ಗೃಹಜ್ಯೋತಿಗೆ ಅರ್ಜಿ ಹಾಕುವಾಗ ಹಳೇ ಮನೆಯೇ ತೋರಿಸುತ್ತದೆ, ನಿಮ್ಮ ಜಾಗಕ್ಕೆ ಬಂದವರಿಗೂ ಸಿಗುವುದಿಲ್ಲ, ಅವರು ನಿಮಗೆ ಫೋನ್ ಮಾಡುತ್ತಾರೆ. ನನಗೆ ಬಂದ ಫೋನು ಹಬ್ಬದ ದಿನ, ಊಟದ ಮಧ್ಯೆ.